ಸಮುದ್ರವಿಲ್ಲದ ಗೌರಸಮುದ್ರದಿಂದ ಕಾರವಾರಕ್ಕೆ

ಮಕ್ಕಳೇ, ನಮ್ಮೂರ ಹೆಸರು ಗೌರಸಮುದ್ರ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿದೆ. ಹೆಸರು ಕೇಳಿ ಅಲೆ, ದೋಣಿ, ಮೀನಿನ ಬಲೆ ಎಂದೆಲ್ಲ ಕಲ್ಪಿಸಿಕೊಂಡು ಬಂದರೆ ನಿಮಗೆ ಕಾಣುವುದು ಶೇಂಗಾ ಹೊಲ, ಜಾಲಿ ಗಿಡ, ಕುರಿ ಮಂದೆ ಮತ್ತು ಬಿಸಿಲು. ವರ್ಷಕ್ಕೆ ಐನೂರು ಮಿಲಿಮೀಟರ್ ಮಳೆ ಬಿದ್ದರೆ ನಾವು ಒಳ್ಳೆಯ ವರ್ಷ ಎನ್ನುತ್ತೇವೆ. ಕಾರವಾರದವರಿಗೆ ಅಷ್ಟು ಮಳೆ ಹದಿನೈದು ದಿನಕ್ಕೆ ಆಗುವುದೂ ಉಂಟು.

ಹಾಗಾದರೆ ಈ ‘ಸಮುದ್ರ’ ಎಲ್ಲಿಂದ ಬಂತು? ಬಯಲುಸೀಮೆಯಲ್ಲಿ ಹಿಂದಿನವರು ದೊಡ್ಡ ಕೆರೆಗೆ ಸಮುದ್ರ, ಸಾಗರ ಎಂದೇ ಹೆಸರಿಡುತ್ತಿದ್ದರು. ಹಿರಿಯೂರಿನ ಹತ್ತಿರದ ಮಾರಿಕಣಿವೆ ಜಲಾಶಯದ ಹೆಸರೂ ವಾಣಿವಿಲಾಸ ಸಾಗರ. ನೀರು ಕಡಿಮೆ ಇದ್ದಲ್ಲಿ ಹೆಸರು ದೊಡ್ಡದು! ನಮ್ಮೂರಿನಲ್ಲಿ ನಿಜವಾದ ಸಮುದ್ರ ಉಕ್ಕುವುದು ವರ್ಷಕ್ಕೊಮ್ಮೆ, ಮಾರಮ್ಮನ ಜಾತ್ರೆಯಲ್ಲಿ. ಅದು ಜನಸಮುದ್ರ. ಆಂಧ್ರದ ಕಡೆಯಿಂದಲೂ ಗಾಡಿಗಟ್ಟಲೆ ಜನ ಬರುತ್ತಾರೆ. ತುಮಲು ಎಂಬ ಬಯಲಿನಲ್ಲಿ ಅಮ್ಮನ ಮೇಲೆ ಈರುಳ್ಳಿ ತೂರಿ ಹರಕೆ ತೀರಿಸುತ್ತಾರೆ.

ಈ ಸಲ ಜಾತ್ರೆ ಮುಗಿದು ದಸರಾ ರಜೆ ಬಂದಾಗ ಮೊಮ್ಮಕ್ಕಳು ಪಟ್ಟು ಹಿಡಿದರು. ಮೊಮ್ಮಗಳು ಏಳನೇ ತರಗತಿ, ಮೊಮ್ಮಗ ನಾಲ್ಕನೇ ತರಗತಿ. “ತಾತ, ಹೆಸರಲ್ಲಿ ಸಮುದ್ರ ಇಟ್ಕೊಂಡು ಸಮುದ್ರನೇ ನೋಡಿಲ್ಲ ಅಂದ್ರೆ ಸ್ಕೂಲಲ್ಲಿ ನಗ್ತಾರೆ” ಎಂದಳು ಅವಳು. ನನ್ನ ಜೊತೆ ಮೇಷ್ಟ್ರಾಗಿದ್ದ ಗೆಳೆಯರೊಬ್ಬರು ನಿವೃತ್ತರಾಗಿ ಕಾರವಾರದಲ್ಲಿದ್ದಾರೆ. ಅವರಿಗೆ ಫೋನ್ ಮಾಡಿ, ನಾನು, ಮನೆಯಾಕೆ, ಇಬ್ಬರು ಮಕ್ಕಳು ಹೊರಟೆವು.

ಚಿತ್ರದುರ್ಗ, ದಾವಣಗೆರೆ, ಹಾವೇರಿ ದಾಟುವವರೆಗೆ ದಾರಿಯ ವಿಷಯ ಹೇಳುವಂಥದ್ದೇನಿಲ್ಲ. ಶಿರಸಿ ಬಿಟ್ಟು ದೇವಿಮನೆ ಘಟ್ಟ ಇಳಿಯುವಾಗ ಮಕ್ಕಳು ಕಿಟಕಿಗೆ ಅಂಟಿಕೊಂಡರು. ಘಟ್ಟದ ಈಚೆ ನಮ್ಮೂರಲ್ಲಿ ಬಿದ್ದ ಹನಿ ವೇದಾವತಿ ಸೇರಿ, ತುಂಗಭದ್ರೆ ಸೇರಿ, ಕೃಷ್ಣೆ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಘಟ್ಟದ ಆಚೆ ಬಿದ್ದ ಹನಿ ನಾಲ್ಕು ಹೆಜ್ಜೆ ಓಡಿ ಅರಬ್ಬೀ ಸಮುದ್ರಕ್ಕೆ ಧುಮುಕುತ್ತದೆ. ಭೂಪಟದಲ್ಲಿ ಇದನ್ನು ಬೆರಳಿಟ್ಟು ನೋಡಿ, ಚೆನ್ನಾಗಿರುತ್ತದೆ.

ಕುಮಟಾದಲ್ಲಿ ಇಳಿದು ಅಘನಾಶಿನಿ ನದಿಯ ಅಳಿವೆಗೆ ಹೋದೆವು. ಅಳಿವೆ ಎಂದರೆ ನದಿ ಸಮುದ್ರ ಸೇರುವ ಜಾಗ. ಸಿಹಿನೀರು, ಉಪ್ಪುನೀರು ಎರಡೂ ಅಲ್ಲಿ ಬೆರೆಯುತ್ತವೆ. ನಾವು ಹೋದಾಗ ಇಳಿತದ ಹೊತ್ತು. ನೀರು ಹಿಂದೆ ಸರಿದು ಮರಳು, ಕೆಸರು ಮೇಲೆದ್ದಿತ್ತು. ಸೊಂಟದವರೆಗೂ ನೀರಲ್ಲಿ ನಿಂತು ಹತ್ತಾರು ಹೆಂಗಸರು, ಗಂಡಸರು ಬಗ್ಗಿ ಕೆಸರಿನಲ್ಲಿ ಕೈಯಾಡಿಸಿ ಏನೋ ಆರಿಸುತ್ತಿದ್ದರು. ದಡಕ್ಕೆ ಬಂದ ಒಬ್ಬ ಅಜ್ಜಿಯ ಬುಟ್ಟಿ ನೋಡಿದರೆ ತುಂಬಾ ಚಿಪ್ಪು!

“ಇದು ಬಳಚು. ಒಳಗೆ ಮಾಂಸ ಉಂಟು. ನಿಮ್ಮೂರಲ್ಲಿ ಸಿಗೂದಿಲ್ವಾ?” ಎಂದರು ಅವರು.

ನಮ್ಮೂರಲ್ಲಿ ಕಪ್ಪೆಚಿಪ್ಪು ಸಿಗುತ್ತದೆ, ಆದರೆ ಖಾಲಿ ಚಿಪ್ಪು. ಅದರ ಬೆನ್ನು ತೇಯ್ದು ತೂತು ಮಾಡಿ ಮಾವಿನಕಾಯಿ ಸಿಪ್ಪೆ ತೆಗೆಯುತ್ತೇವೆ ಎಂದು ನಮ್ಮಾಕೆ ಹೇಳಿದಾಗ ಆ ಅಜ್ಜಿ ಬಾಯಿತುಂಬ ನಕ್ಕರು. ಇಲ್ಲಿ ಚಿಪ್ಪನ್ನೂ ಬಿಸಾಡುವುದಿಲ್ಲವಂತೆ, ಸುಟ್ಟು ಸುಣ್ಣ ಮಾಡುತ್ತಾರೆ. ಎಲೆಯಡಿಕೆ ಹಾಕುವ ನಮ್ಮಾಕೆಗೆ ಅದು ತಕ್ಷಣ ಅರ್ಥವಾಯಿತು. ಬಳಚಿಗೆ ಕಾರವಾರದ ಕೊಂಕಣಿಯಲ್ಲಿ ತಿಸರೆ ಎನ್ನುತ್ತಾರೆ. ಮಂಗಳೂರಿನ ಕಡೆ ಇಂಥದ್ದಕ್ಕೆ ಮರುವಾಯಿ ಎಂದು ಹೆಸರು, ಬಂಡೆಗೆ ಅಂಟಿಕೊಂಡು ಬೆಳೆಯುವ ಹಸಿರು ಚಿಪ್ಪಿಗೆ ಪಚ್ಚಿಲೆ.

ಈ ಕೆಲಸ ಸಣ್ಣದೆಂದು ತಿಳಿಯಬೇಡಿ. ಭಾರತೀಯ ವಿಜ್ಞಾನ ಸಂಸ್ಥೆಯವರು (ನಮ್ಮ ಚಳ್ಳಕೆರೆಯ ಕುದಾಪುರದಲ್ಲೂ ಇವರ ಆವರಣವಿದೆ) 2008ರಲ್ಲಿ ಲೆಕ್ಕ ಹಾಕಿದಾಗ ಈ ಒಂದು ಅಳಿವೆಯಿಂದ ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪುಜೀವಿ ಸಿಗುತ್ತಿತ್ತು. ಎರಡು ಸಾವಿರಕ್ಕೂ ಹೆಚ್ಚು ಜನ ಅದರಿಂದ ಬದುಕುತ್ತಿದ್ದರು. ನದಿಗೆ ಅಣೆಕಟ್ಟಿಲ್ಲ, ದಡದಲ್ಲಿ ದೊಡ್ಡ ಕಾರ್ಖಾನೆಯಿಲ್ಲ. ಬಳಚು ಚೆನ್ನಾಗಿ ಬೆಳೆಯಲು ಅದೂ ಒಂದು ಕಾರಣ. 2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸರ್ ತಾಣವಾಯಿತು, ಅಂದರೆ ಜಗತ್ತು ಕಾಪಾಡಬೇಕಾದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಅದರ ಜೊತೆಗೇ ಸೇರಿದ ಇನ್ನೊಂದು ಹೆಸರು ಯಾವುದು ಗೊತ್ತೇ? ವಿಜಯನಗರ ಜಿಲ್ಲೆಯ ಅಂಕಸಮುದ್ರ! ಅದೂ ನಮ್ಮದರಂತೆ ‘ಸಮುದ್ರ’, ನೋಡಲು ಹೋದರೆ ಕೆರೆ.

ಬಳಚಿನ ಊಟದ ಕ್ರಮ ವಿಚಿತ್ರ. ಅದಕ್ಕೆ ಹಲ್ಲಿಲ್ಲ, ಬೇಟೆಯಾಡಲು ಕಾಲಿಲ್ಲ. ಒಂದು ನಳಿಗೆಯಿಂದ ನೀರು ಒಳಗೆಳೆದುಕೊಂಡು, ಕಿವಿರಿನಲ್ಲಿ ಸೋಸಿ, ಆಹಾರದ ಕಣ ಇಟ್ಟುಕೊಂಡು, ಇನ್ನೊಂದು ನಳಿಗೆಯಿಂದ ನೀರು ಬಿಡುತ್ತದೆ. ಹಗಲೂ ರಾತ್ರಿಯೂ ಇದೇ ಕೆಲಸ. ಚೆನ್ನಾಗಿ ಬೆಳೆದ ಪಚ್ಚಿಲೆಯೊಂದು ಗಂಟೆಗೆ ಒಂದೆರಡು ಲೀಟರ್ ನೀರು ಸೋಸಬಲ್ಲದು. ಅಜ್ಜಿ ಟೀ ಸೋಸುವ ಜಾಲರಿ ನೋಡಿದ್ದೀರಲ್ಲ? ಟೀ ಕೆಳಗೆ ಹೋಗುತ್ತದೆ, ಚರಟ ಜಾಲರಿಯಲ್ಲೇ ನಿಲ್ಲುತ್ತದೆ. ಹಾಗೆಯೇ ನೀರಿನಲ್ಲಿ ಏನಿದೆಯೋ ಅದು ಈ ಜೀವಿಯ ಮೈಯಲ್ಲಿ ನಿಲ್ಲುತ್ತದೆ. ಒಳ್ಳೆಯದೂ ನಿಲ್ಲುತ್ತದೆ, ಕೆಟ್ಟದ್ದೂ ನಿಲ್ಲುತ್ತದೆ.

ಕೆಟ್ಟದ್ದು ಯಾವುದು ಎನ್ನುವುದು ಮಕ್ಕಳಿಗೆ ತಿಳಿದದ್ದು ಮರುದಿನ, ಕಾರವಾರದಲ್ಲಿ.

ಕಾರವಾರದ ಕಡಲತೀರಕ್ಕೆ ಕವಿ ರವೀಂದ್ರನಾಥ ಟ್ಯಾಗೋರರ ಹೆಸರು. 1880ರ ದಶಕದಲ್ಲಿ, ಹುಡುಗ ವಯಸ್ಸಿನಲ್ಲಿ, ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಅವರು ಬಂದಿದ್ದರು. ದಡದ ಮೇಲೆ ‘ಚಪಲ್’ ಎಂಬ ಯುದ್ಧನೌಕೆಯನ್ನು ವಸ್ತುಸಂಗ್ರಹಾಲಯ ಮಾಡಿ ನಿಲ್ಲಿಸಿದ್ದಾರೆ. ಮೊಮ್ಮಗ ಅದರಿಂದ ಇಳಿಯಲು ಒಪ್ಪಲಿಲ್ಲ, ಅರ್ಧ ದಿನ ಅಲ್ಲೇ ಹೋಯಿತು. ಸಂಜೆ ಗೆಳೆಯರು ನಮ್ಮನ್ನು ಬೈತಖೋಲ್ ಬಂದರಿನ ಕಡೆ ಕರೆದುಕೊಂಡು ಹೋದರು. ದೂರದಲ್ಲಿ ದ್ವೀಪವೊಂದರ ಮೇಲೆ ದೀಪಸ್ತಂಭ ಕಾಣುತ್ತಿತ್ತು. ಅದು ದೇವಗಡ. ಬ್ರಿಟಿಷರು ಆ ಬಂಡೆಗಳಿಗೆ ಆಯ್ಸ್ಟರ್ ರಾಕ್ ಎಂದು ಹೆಸರಿಟ್ಟಿದ್ದರು. ಆಯ್ಸ್ಟರ್ ಎಂದರೂ ಒಂದು ಬಗೆಯ ಚಿಪ್ಪುಜೀವಿಯೇ.

2006ರ ಮೇ 30ರಂದು, ಮಳೆಗಾಲ ಶುರುವಾಗುವ ಹೊತ್ತಿನಲ್ಲಿ, ‘ಓಶನ್ ಸೆರಾಯ’ ಎಂಬ ಪನಾಮಾ ದೇಶದ ಬಾವುಟದ ಹಡಗು ಇದೇ ಬಂಡೆಗಳಿಗೆ ಬಡಿದು ಸಿಕ್ಕಿಕೊಂಡಿತು. ಅದು ಎಣ್ಣೆ ಸಾಗಿಸುವ ಹಡಗಲ್ಲ. ಆದರೂ ಅದರ ಇಂಜಿನ್ ಓಡಿಸಲೆಂದೇ ಆರುನೂರು ಟನ್‌ಗೂ ಹೆಚ್ಚು ಇಂಧನ ತುಂಬಿತ್ತು. ಹಡಗು ಮುರಿಯಿತು, ಎಣ್ಣೆ ಸೋರಿತು, ಅಲೆಯ ಜೊತೆ ಗೋವಾದ ದಕ್ಷಿಣದ ಕಡಲತೀರದವರೆಗೂ ಹೋಯಿತು.

“ಆ ಎಣ್ಣೆ ನಮ್ಮ ಲಾರಿಗೆ ಹಾಕೋ ಡೀಸೆಲ್ ಥರ ಅಲ್ಲ” ಎಂದರು ಗೆಳೆಯರು. “ಡಾಂಬರಿನ ತಮ್ಮ ಅನ್ನಿ. ಕಪ್ಪು, ಗಟ್ಟಿ.”

ಹಡಗಿನ ಈ ಭಾರೀ ಎಣ್ಣೆಯಲ್ಲಿ ನಿಕ್ಕಲ್, ವನೇಡಿಯಂ ಎಂಬ ಲೋಹಗಳೂ ಇರುತ್ತವೆ. ಕಣ್ಣಿಗೆ ಕಾಣುವ ಕಪ್ಪು ಜಿಡ್ಡನ್ನು ಸಲಿಕೆಯಿಂದ ಎತ್ತಬಹುದು, ಕಾಣದ ಲೋಹವನ್ನು ಎತ್ತುವುದು ಹೇಗೆ? ತೀರ ಇತ್ತೀಚೆಗೆ, 2025ರ ಮೇ 25ರಂದು, ಪಕ್ಕದ ಕೇರಳದ ಕೊಚ್ಚಿಯಾಚೆ ‘ಎಂಎಸ್‌ಸಿ ಎಲ್ಸಾ 3’ ಹಡಗು 640 ಕಂಟೇನರ್‌ಗಳ ಸಮೇತ ಮುಳುಗಿದ್ದನ್ನು ನೀವೂ ಟಿವಿಯಲ್ಲಿ ನೋಡಿರಬಹುದು. ಪ್ಲಾಸ್ಟಿಕ್ ಕಾಳುಗಳು ದಡಕ್ಕೆ ರಾಶಿ ರಾಶಿ ಬಂದವು, ಮೀನು ತಿನ್ನಬಹುದೇ ಎಂದು ಜನ ಹೆದರಿದರು.

ಹಡಗು ಒಡೆದಾಗ ಮಾತ್ರ ನೀರು ಕೆಡುತ್ತದೆ ಎನ್ನುವ ಹಾಗಿಲ್ಲ. ಬಂದರಿನಲ್ಲಿ ಒಂದು ದೋಣಿಯನ್ನು ದಡಕ್ಕೆಳೆದು ಅಡಿಭಾಗಕ್ಕೆ ಕೆಂಪು ಬಣ್ಣ ಬಳಿಯುತ್ತಿದ್ದರು. ಅಂದಕ್ಕಲ್ಲ! ನೀರಿನಲ್ಲಿ ನಿಂತ ದೋಣಿಯ ತಳಕ್ಕೆ ಪಾಚಿ, ಚಿಪ್ಪುಗಳು ಮೆತ್ತಿಕೊಂಡು ಭಾರವಾಗುತ್ತದೆ. ಅವು ಅಂಟದಿರಲಿ ಎಂದು ತಾಮ್ರ ಬೆರೆಸಿದ ಬಣ್ಣ ಹಚ್ಚುತ್ತಾರೆ. ಬಣ್ಣದ ವಿಷ ಸ್ವಲ್ಪ ಸ್ವಲ್ಪವಾಗಿ ನೀರಿಗೆ ಬಿಡುತ್ತಲೇ ಇರುತ್ತದೆ, ಅದರ ಕೆಲಸವೇ ಅದು. ಹಿಂದೆ ದೊಡ್ಡ ಹಡಗುಗಳಿಗೆ ತವರ ಸೇರಿದ ಇನ್ನೂ ಘೋರ ಬಣ್ಣ ಹಚ್ಚುತ್ತಿದ್ದರು. ಫ್ರಾನ್ಸಿನ ಅರ್ಕಶೋಂ ಎಂಬ ಕೊಲ್ಲಿಯಲ್ಲಿ ಸಾಕಿದ ಆಯ್ಸ್ಟರ್‌ಗಳ ಚಿಪ್ಪು ಇದರಿಂದ ಸೊಟ್ಟಗಾಗಿ, ಮರಿಗಳೇ ಆಗದೆ, ಸಾಕುವವರು ದಿವಾಳಿಯಾಗುವ ಸ್ಥಿತಿ ಬಂತು. 1982ರಲ್ಲಿ ಆ ದೇಶ ಸಣ್ಣ ದೋಣಿಗಳಿಗೆ ಅದನ್ನು ನಿಷೇಧಿಸಿತು. ಇಡೀ ಜಗತ್ತಿಗೆ ಅನ್ವಯಿಸುವ ನಿಷೇಧ ಜಾರಿಗೆ ಬರಲು 2008 ಆಯಿತು. ಕಾಲು ಶತಮಾನ! ದೊಡ್ಡವರ ಸಭೆಗಳು ಹಾಗೆಯೇ, ನಿಧಾನ.

ದಡದ ಕಾರ್ಖಾನೆಗಳದ್ದೂ ಪಾಲಿದೆ. ಕಾರವಾರದ ಪಕ್ಕದ ಬಿಣಗಾದಲ್ಲಿ ಕಾಸ್ಟಿಕ್ ಸೋಡಾ ಕಾರ್ಖಾನೆಯಿದೆ. ಒಂದು ಕಾಲದಲ್ಲಿ ಕಾಸ್ಟಿಕ್ ಸೋಡಾ ಮಾಡಲು ಪಾದರಸ ಬಳಸುವ ವಿಧಾನವಿತ್ತು. ಕೇಂದ್ರ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಆ ಸುತ್ತಿನ ಕಡಲಲ್ಲಿ ಪಾದರಸ ಎಷ್ಟಿದೆ ಎಂದು ಪರೀಕ್ಷಿಸಿ 1990ರಲ್ಲಿ ವರದಿ ಪ್ರಕಟಿಸಿದರು. ಆಮೇಲೆ ದೇಶದ ಕಾಸ್ಟಿಕ್ ಸೋಡಾ ಕಾರ್ಖಾನೆಗಳು ಪಾದರಸದ ವಿಧಾನವನ್ನು ಕ್ರಮೇಣ ಬಿಟ್ಟವು. ಅಳೆದು ನೋಡುವವರಿದ್ದರೆ ಬದಲಾವಣೆಗೂ ದಾರಿಯಾಗುತ್ತದೆ.

ಆ ರಾತ್ರಿ ಗೆಳೆಯರ ಮನೆಯಲ್ಲಿ ತೆಂಗಿನಕಾಯಿ ಹಾಕಿದ ತಿಸರೆ ಸುಕ್ಕೆ. ಮೊಮ್ಮಗ ತಟ್ಟೆಯಲ್ಲಿ ಬಾಯಿ ತೆರೆದು ಕೂತಿದ್ದ ಚಿಪ್ಪುಗಳನ್ನೇ ನೋಡುತ್ತಾ ಕೇಳಿದ: “ತಾತ, ನೀರಲ್ಲಿ ವಿಷ ಇದ್ರೂ ಅಜ್ಜಿ ಚೆನ್ನಾಗಿ ಕುದಿಸಿದಾರಲ್ಲ, ಎಲ್ಲಾ ಹೋಯ್ತು ಅಲ್ವಾ?”

ನಮ್ಮಾಕೆ ಥಟ್ಟನೆ, “ಹೂಂ ಮತ್ತೆ, ಬೆಂಕಿ ಮುಂದೆ ಯಾವುದು ನಿಲ್ಲುತ್ತೆ?” ಎಂದಳು. ಅಜ್ಜ ಅಜ್ಜಿಯರೇ, ನೀವೂ ಹೀಗೇ ಹೇಳುತ್ತಿದ್ದಿರಿ, ನಿಜ ತಾನೇ?

ಅರ್ಧ ಸರಿ. ಬೇಯಿಸಿದರೆ ರೋಗಾಣು ಸಾಯುತ್ತದೆ. ವಾಂತಿಭೇದಿ, ಕಾಮಾಲೆ ತರುವ ಜೀವಾಣುಗಳು ಕುದಿಯುವ ನೀರಿಗೆ ತಡೆಯಲಾರವು. ಆದರೆ ಲೋಹಕ್ಕೆ ಜೀವವೇ ಇಲ್ಲವಲ್ಲ, ಸಾಯುವುದು ಹೇಗೆ? ಕಬ್ಬಿಣದ ಸೌಟನ್ನು ದಿನವಿಡೀ ಸಾರಿನಲ್ಲಿ ಕುದಿಸಿ, ಕರಗಿ ಮಾಯವಾಗುತ್ತದೆಯೇ? ಸೀಸ, ಕ್ಯಾಡ್ಮಿಯಂ, ಪಾದರಸ ಮಾಂಸದೊಳಗೆ ಸೇರಿಕೊಂಡ ಮೇಲೆ ಒಲೆಯ ಬೆಂಕಿಗೆ ಬಗ್ಗುವುದಿಲ್ಲ. ಒಂದಿಷ್ಟು ರಸಕ್ಕೆ ಇಳಿಯಬಹುದು, ಆ ರಸವನ್ನೂ ನಾವು ಅನ್ನಕ್ಕೆ ಕಲಸಿಕೊಳ್ಳುತ್ತೇವೆ. ಬೇಯುವಾಗ ಮಾಂಸ ನೀರು ಬಿಟ್ಟು ಕುಗ್ಗುವುದರಿಂದ ಒಂದೊಂದು ತುತ್ತಿನಲ್ಲಿ ಲೋಹದ ಪಾಲು ಹಸಿಯದಕ್ಕಿಂತ ಹೆಚ್ಚೇ ಆಗಬಹುದು.

ಮೊಮ್ಮಗಳಿಗೆ ಆಗ ನಮ್ಮೂರ ನೀರು ನೆನಪಾಯಿತು. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಅದು ಹಡಗಿನಿಂದ ಬಂದದ್ದಲ್ಲ, ನೆಲದಾಳದ ಕಲ್ಲಿನಿಂದ ನೀರಿಗಿಳಿದದ್ದು. ಹಲ್ಲು ಮೂಡುವ ವಯಸ್ಸಿನ ಮಕ್ಕಳು ಅಂಥ ನೀರನ್ನೇ ಕುಡಿದರೆ ಹಲ್ಲಿನ ಮೇಲೆ ಕಂದು ಪಟ್ಟೆ ಬೀಳುತ್ತದೆ, ಬಹುಕಾಲ ಕುಡಿದವರಿಗೆ ಮೂಳೆ, ಕೀಲು ಬಿಗಿಯುತ್ತದೆ. ನಮ್ಮಲ್ಲೂ ಕುದಿಸಿದರೆ ಸರಿಹೋಗುತ್ತದೆ ಎಂದು ನಂಬಿದವರು ಬಹಳ. ನಾನು ಊಟದ ಮಧ್ಯೆಯೇ ಅವಳಿಗೊಂದು ಲೆಕ್ಕ ಕೊಟ್ಟೆ. ಹತ್ತು ಲೀಟರ್ ನೀರು, ಲೀಟರಿಗೆ 2 ಮಿಲಿಗ್ರಾಂ ಫ್ಲೋರೈಡ್. ಕುದಿಸಿ ಎಂಟು ಲೀಟರ್ ಉಳಿಯಿತು. ಈಗ ಲೀಟರಿಗೆ ಎಷ್ಟು?

“20 ಭಾಗಿಸು 8... ಎರಡೂವರೆ! ಜಾಸ್ತಿ ಆಯ್ತಲ್ಲ ತಾತ!”

ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಸಿಗದಿದ್ದರೂ ಒಂದೂವರೆ ದಾಟಬಾರದು ಎಂಬುದು ನಮ್ಮ ದೇಶದ ಮಾನದಂಡ. ಆದ್ದರಿಂದಲೇ ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನ್ ಹೊತ್ತು ತರುವುದು. ಬಯಲುಸೀಮೆಯ ಅಡುಗೆಮನೆಯ ನಂಬಿಕೆಯೇ ಕಡಲತೀರದ ಅಡುಗೆಮನೆಯಲ್ಲೂ ಕೂತಿದೆ ಎಂದು ನನಗೆ ಆಶ್ಚರ್ಯವಾಯಿತು.

ಗೆಳೆಯರು ಜಪಾನಿನ ಮಿನಮಾಟಾ ಎಂಬ ಊರಿನ ಕತೆ ಹೇಳಿದರು. ಅಲ್ಲಿ ಚಿಸ್ಸೊ ಎಂಬ ಕಂಪನಿಯ ಕಾರ್ಖಾನೆ 1932ರಿಂದ ಪಾದರಸ ಬೆರೆತ ನೀರನ್ನು ಕೊಲ್ಲಿಗೆ ಬಿಡುತ್ತಿತ್ತು. ಮೊದಲು ಊರಿನ ಬೆಕ್ಕುಗಳು ಹುಚ್ಚು ಹಿಡಿದಂತೆ ಕುಣಿದು ಸತ್ತವು. ಆಮೇಲೆ ಮೀನು, ಚಿಪ್ಪು ತಿಂದು ಬದುಕುತ್ತಿದ್ದ ಬೆಸ್ತರ ಕೈಕಾಲು ನಡುಗತೊಡಗಿತು, ಮಾತು ತೊದಲಿತು, ಕಣ್ಣು ಮಂಜಾಯಿತು. ಕಾಯಿಲೆ ಅಧಿಕೃತವಾಗಿ ದಾಖಲಾದದ್ದು 1956ರಲ್ಲಿ, ಕಾರ್ಖಾನೆ ವಿಷ ಬಿಡುವುದನ್ನು ನಿಲ್ಲಿಸಿದ್ದು 1968ರಲ್ಲಿ. ಆ ಮನೆಗಳಲ್ಲೂ ಒಲೆಯಿತ್ತು, ಅವರೂ ಬೇಯಿಸಿಯೇ ತಿಂದಿದ್ದರು.

ಇದನ್ನು ಕೇಳಿ ಮೊಮ್ಮಗ ತಟ್ಟೆ ದೂರ ತಳ್ಳಿದ. ಮನೆಯೊಡತಿಗೆ ಬೇಸರವಾಗಿರಬೇಕು. ಗೆಳೆಯರು ಗಂಭೀರವಾಗಿ, “ಹೆದರಿ ಬಿಡೋದಲ್ಲ ಪುಟ್ಟ, ತಿಳ್ಕೊಂಡು ತಿನ್ನೋದು. ನೀವೆಲ್ಲ ಬಿಟ್ರೆ ಆ ಕುಮಟಾದ ಅಜ್ಜಿ ಯಾರಿಗೆ ಮಾರ್ಬೇಕು?” ಎಂದರು.

ಅವರ ಮಾತಿನಲ್ಲಿ ನ್ಯಾಯವಿದೆ. ಚಿಪ್ಪುಮಾಂಸ ಒಳ್ಳೆಯ ಆಹಾರ. ಕಬ್ಬಿಣ, ಸತು, ಪ್ರೋಟೀನ್ ಅದರಲ್ಲಿದೆ. ಎಷ್ಟು ಲೋಹವಿದ್ದರೆ ತಿನ್ನಬಾರದು ಎಂಬುದಕ್ಕೂ ಅಳತೆಯಿದೆ. ಕಡಲಿನ ಇಂಥ ಚಿಪ್ಪುಗಳಲ್ಲಿ ಕ್ಯಾಡ್ಮಿಯಂ ಕಿಲೋಗೆ 2 ಮಿಲಿಗ್ರಾಂ ಮೀರಬಾರದು ಎಂದು ಅಂತರರಾಷ್ಟ್ರೀಯ ಆಹಾರ ಮಾನದಂಡ ಹೇಳುತ್ತದೆ. ಇಷ್ಟು ಬಿಗಿ ಯಾಕೆಂದರೆ ಕ್ಯಾಡ್ಮಿಯಂ ಒಮ್ಮೆ ನಮ್ಮ ಮೂತ್ರಪಿಂಡ ಸೇರಿದರೆ ಹತ್ತು ವರ್ಷ ದಾಟಿದರೂ ಅರ್ಧದಷ್ಟು ಅಲ್ಲೇ ಇರುತ್ತದೆ. ಹಡಗುಗಳಿಗೂ ಕಟ್ಟಳೆಯಿದೆ. ಇಂಜಿನ್ ಕೋಣೆಯ ಕೊಳಕು ನೀರನ್ನು ಸಮುದ್ರಕ್ಕೆ ಬಿಡುವಾಗ ಹತ್ತು ಲಕ್ಷ ಪಾಲಿನಲ್ಲಿ ಎಣ್ಣೆ 15 ಪಾಲು ಮೀರಕೂಡದು. ಆದರೆ ನಡುರಾತ್ರಿ, ನಡುಸಮುದ್ರದಲ್ಲಿ ಯಾರು ಅಳೆಯುತ್ತಾರೆ? ನನಗಂತೂ ಅನುಮಾನ. ಹಾಗಾಗಿಯೇ ವಿಜ್ಞಾನಿಗಳು ಚಿಪ್ಪುಗಳನ್ನೇ ಸಾಕ್ಷಿ ಕೇಳುತ್ತಾರೆ. ಅಮೆರಿಕದಲ್ಲಿ 1986ರಿಂದ ಕಡಲತೀರದುದ್ದಕ್ಕೂ ಪಚ್ಚಿಲೆ, ಆಯ್ಸ್ಟರ್‌ಗಳನ್ನು ಆಗಾಗ ಎತ್ತಿ ಪರೀಕ್ಷಿಸುತ್ತಾರೆ. ಆ ನೀರಿನಲ್ಲಿ ಏನೇನು ಹರಿದು ಹೋಗಿದೆ ಎಂದು ಅವುಗಳ ಮೈ ಹೇಳುತ್ತದೆ.

ಇನ್ನೊಂದು ಮಾತು ಅಜ್ಜಿಯರಿಗೆ. ಚಿಪ್ಪನ್ನು ಒಂದು ರಾತ್ರಿ ನೀರಲ್ಲಿ ನೆನೆಹಾಕಿದರೆ ಹೊಟ್ಟೆಯ ಮರಳು ಹೋಗುತ್ತದೆ. ಚೊಕ್ಕ ಉಪ್ಪುನೀರಿನಲ್ಲಿ ಒಂದೆರಡು ದಿನ ಜೀವಂತ ಇಟ್ಟರೆ ರೋಗಾಣುಗಳೂ ಒಂದಿಷ್ಟು ಕಡಿಮೆಯಾಗುತ್ತವೆ, ಎಲ್ಲವೂ ಹೋಗುವುದಿಲ್ಲ. ಲೋಹ ಹೋಗಲು ವಾರಗಳು, ತಿಂಗಳುಗಳು ಬೇಕು. ಆದ್ದರಿಂದ ಕೇಳಬೇಕಾದ್ದು ಎಷ್ಟು ಹೊತ್ತು ಬೇಯಿಸಿದಿರಿ ಎಂದಲ್ಲ, ಎಲ್ಲಿಂದ ತಂದಿರಿ ಎಂದು. ಬಂದರಿನ ಗೋಡೆ, ದೋಣಿಗೆ ಬಣ್ಣ ಬಳಿಯುವ ಜಾಗ, ಊರಿನ ಚರಂಡಿ ಬಂದು ಬೀಳುವ ಬಾಯಿ, ಕಾರ್ಖಾನೆಯ ಕೊಳವೆಯ ಹತ್ತಿರ ಸಿಕ್ಕಿದ್ದು ಎಷ್ಟೇ ದಪ್ಪಗಿದ್ದರೂ ಬೇಡ. ಸೀಮೆಎಣ್ಣೆ ವಾಸನೆ ಬಂದರೆ ಎರಡನೇ ಯೋಚನೆಯೇ ಬೇಡ. ಬಸುರಿಯರು, ಸಣ್ಣ ಮಕ್ಕಳು ಇನ್ನೂ ಜಾಗ್ರತೆಯಾಗಿರಬೇಕು.

ಹೊರಡುವ ದಿನ ಬೆಳಗ್ಗೆ ಕಾರವಾರದ ಮೀನು ಮಾರುಕಟ್ಟೆಗೆ ಹೋದೆವು. ನಮಗೆ ಕೊಳ್ಳುವುದೇನಿರಲಿಲ್ಲ, ಗೆಳೆಯರ ಮನೆಗೆ ಬೇಕಿತ್ತು. ಸಾಲಾಗಿ ಕೂತ ಹೆಂಗಸರು, ಬುಟ್ಟಿ ತುಂಬ ಬಂಗುಡೆ, ತಾರ್ಲೆ, ಸೀಗಡಿ. ಮೂಲೆಯಲ್ಲೊಬ್ಬರು ತಿಸರೆಯನ್ನು ಗುಡ್ಡೆ ಹಾಕಿಕೊಂಡಿದ್ದರು. ನಮ್ಮಾಕೆ ದರ ಕೇಳುವ ಮೊದಲೇ ಮೊಮ್ಮಗಳು ಕುಕ್ಕರುಗಾಲಲ್ಲಿ ಕೂತು, “ಅಕ್ಕಾ, ಇದನ್ನ ಎಲ್ಲಿ ಆರಿಸಿದ್ದು?” ಎಂದಳು.

ಆಕೆ ಅವಳ ಮುಖ ನೋಡಿದರು. “ಎಲ್ರೂ ರೇಟ್ ಕೇಳ್ತಾರೆ, ಜಾಗ ಕೇಳಿದ್ದು ನೀನೊಬ್ಳೇ ಮಗಾ” ಎಂದು, ಕಾಳಿ ನದಿಯ ಒಳಕ್ಕೆ, ಬಂದರಿನಿಂದ ದೂರ, ದೋಣಿಯಲ್ಲಿ ಹೋಗಿ ಇಳಿತಕ್ಕೆ ಕಾದು ಆರಿಸಿದ್ದು ಎಂದು ಕೈ ಚಾಚಿ ದಿಕ್ಕು ತೋರಿಸಿದರು. ಬಂದರಿನ ಕಲ್ಲಿನಿಂದ ಕೆತ್ತಿ ತಂದು ಮಾರುವವರೂ ಇದ್ದಾರೆ, ತಾನು ಆ ಕೆಲಸ ಮಾಡುವುದಿಲ್ಲ, ತನ್ನ ಮಕ್ಕಳೂ ಇದನ್ನೇ ಉಣ್ಣುತ್ತಾರಲ್ಲ ಎಂದರು. ಒಂದು ಪಾಲು ಅಳೆದು ಚೀಲಕ್ಕೆ ಹಾಕಿ, ಕೊಸರೆಂದು ಮೇಲೊಂದು ಹಿಡಿ ಸುರಿದರು.